ಕವರ್ ನೋಡಿ ಹಳೇ ಪ್ಲೇಟ್ ಕೊಳ್ಳೋದು ಹೇಗೆ

ನಮ್ಮನೇಲಿ ಒಂದು ನಲವತ್ತು ಎಲ್‌ಪಿ, ಅಂದ್ರೆ ಹಾಡಿನ ದೊಡ್ಡ ರೆಕಾರ್ಡ್ ಪ್ಲೇಟು ಇದಾವೆ, ಪ್ಲೇಯರ್ ಮಾತ್ರ ಇಲ್ಲ. ಬಂದೋರೆಲ್ಲ ಮತ್ಯಾಕೆ ತಂದೆ ಇವನ್ನ ಅಂತ ಕೇಳ್ತಾರೆ, ನಾನು ಗೋಡೆ ಕಡೆ ಕೈ ತೋರಿಸ್ತೀನಿ. ಕೋಟು ಟೈ ಹಾಕ್ಕೊಂಡು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಮದುವೆ ಗಂಡಿನ ಥರ ನಗ್ತಿರೋರು, ಹೀರೋ ಮುಖಕ್ಕೆ ಹಸಿರು ಬಣ್ಣ ಬಿದ್ದಿರೋ ಸಿನಿಮಾ ಕವರ್ರು, ಇವೆಲ್ಲ ಈಗ ಯಾರು ಮಾಡ್ತಾರೆ ಹೇಳಿ. ಈ ಹುಚ್ಚು ನಿಮಗೂ ಹತ್ತಿದ್ರೆ, ನಾನು ದುಡ್ಡು ಕಳ್ಕೊಂಡು ಕಲಿತದ್ದು ಇಲ್ಲಿದೆ.

ಮೊದಲ್ನೇ ವಿಷ್ಯ, ಹಾಡು ಕೇಳೋರ ಲೆಕ್ಕ ಬೇರೆ ನಮ್ಮ ಲೆಕ್ಕ ಬೇರೆ. ಅವರು ಪ್ಲೇಟ್ ಆಚೆ ತೆಗೆದು ಬೆಳಕಿಗೆ ಹಿಡಿದು ಗೀರು ಹುಡುಕ್ತಾರೆ, ಗೀರು ಇದ್ರೆ ಅಲ್ಲೇ ಇಟ್ಟು ಹೋಗ್ತಾರೆ, ಅವರು ಬಿಟ್ಟು ಹೋದದ್ದೇ ನಮಗೆ ಹಬ್ಬ. ಚೌಕಾಸಿ ಮಾಡೋವಾಗ ಪ್ಲೇಟನ್ನೇ ತೋರಿಸಿ, "ಇದು ಓಡಲ್ಲ ಗುರೂ, ಕಮ್ಮಿ ಮಾಡ್ಕೊ" ಅನ್ನಿ. ಅಯ್ಯೋ ಕವರ್ ಎಷ್ಟು ಚೆನ್ನಾಗಿದೆ ಅಂತ ಬಾಯಿ ಬಿಟ್ರೋ, ಮುಗೀತು ಕಥೆ.

ಸೈಜ್ ಗೊತ್ತಿರ್ಲಿ. ಎಲ್‌ಪಿ 12 ಇಂಚು, ಇಪಿ ಅನ್ನೋ ಚಿಕ್ಕ ಪ್ಲೇಟು 7 ಇಂಚು. ಹಳೇ ಕಾಲದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗೋ) ಅರಗಿನ ಪ್ಲೇಟುಗಳು ಸಾಮಾನ್ಯವಾಗಿ ನಡುವೆ ತೂತಿರೋ ಬರೀ ಕಾಗದದ ಚೀಲದಲ್ಲಿ ಬರ್ತಿದ್ವು, ಚಿತ್ರ ಇರ್ತಿರ್ಲಿಲ್ಲ, ಆದ್ರೂ ಕೆಲವದರ ಮೇಲೆ ಅಂಗಡಿ ಹೆಸರು, ಜಾಹೀರಾತು ಅಚ್ಚಾಗಿರುತ್ತೆ, ಸಿಕ್ರೆ ಎತ್ಕೊಳಿ. ಅಮೆರಿಕದಲ್ಲೂ ಮೊದ್ಲು ಹಂಗೇ, ಆಲ್ಬಮ್ ಅಂದ್ರೆ ನಾಲ್ಕೈದು ಪ್ಲೇಟು ಸೇರಿಸಿ ಕಟ್ಟಿದ ಬೋಳು ರಟ್ಟಿನ ಪುಸ್ತಕ. 1940ರಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿಯ ಅಲೆಕ್ಸ್ ಸ್ಟೈನ್‌ವೈಸ್ ಅನ್ನೋ ಡಿಸೈನರ್ ರಟ್ಟಿನ ಮೇಲೆ ಚಿತ್ರ ಹಾಕೋಣ ಅಂತ ಕಂಪನಿಯವರನ್ನ ಒಪ್ಪಿಸಿದ ಮೇಲೆ ಈ ಆಟ ಶುರುವಾಗಿದ್ದು.

ಎಲ್ಲಿ ಹುಡುಕ್ಬೇಕು? ಬೆಂಗಳೂರಾದ್ರೆ ಬಿವಿಕೆ ಅಯ್ಯಂಗಾರ್ ರೋಡಿನ ಸಂಡೇ ಬಜಾರು, ಬೆಳಿಗ್ಗೆ ಬೇಗ ಹೋಗಿ. ಮುಂಬೈಲಿ ಚೋರ್ ಬಜಾರ್, ಕೋಲ್ಕತಾದಲ್ಲಿ ಫ್ರೀ ಸ್ಕೂಲ್ ಸ್ಟ್ರೀಟ್. ಆದ್ರೆ ಇವೆಲ್ಲಕ್ಕಿಂತ ಗುಜರಿ ಅಂಗಡಿ ಮತ್ತೆ ನೆಂಟರ ಮನೆ ಅಟ್ಟ ವಾಸಿ. ದೊಡ್ಡಮ್ಮನ ಮನೇಲಿ ಅಟ್ಟದ ಮೇಲೆ ಏನಿದೆ ಅಂತ ಒಂದ್ಸಲ ಕೇಳಿ ನೋಡಿ, ಬೈಕೊಂಡಾದ್ರೂ ಏಣಿ ಕೊಡ್ತಾರೆ.

ಕೈಗೆ ಸಿಕ್ಕಿದ ಮೇಲೆ ಏನು ನೋಡ್ಬೇಕು ಅಂದ್ರೆ, ಒಳಗಿನ ಪ್ಲೇಟಿನ ಅಂಚು ಒತ್ತಿ ಒತ್ತಿ ಕವರ್ ಮೇಲೆ ಬಳೆ ಥರ ಬಿಳೀ ಗುರುತು ಬಿದ್ದಿರುತ್ತೆ, ಅದು ಹೋಗಲ್ಲ. ಅಂಚು ಬಿಟ್ಕೊಂಡಿದ್ರೆ ಒಳಗಡೆಯಿಂದ ಅಂಟಿಸ್ಬೋದು, ಹೊರಗಡೆ ಸೆಲ್ಲೋಟೇಪ್ ಮಾತ್ರ ಬೇಡ, ವರ್ಷ ಕಳೆದ್ರೆ ಹಳದಿಯಾಗಿ ಚಿತ್ರನೂ ಕಿತ್ಕೊಂಡು ಬರುತ್ತೆ. ಫಂಗಸ್ ವಾಸನೆ ಇದ್ರೆ ತರ್ಲೇಬೇಡಿ, ನಾನು ಆಸೆ ಬಿದ್ದು ಒಂದು ತಂದೆ, ಮಳೆಗಾಲದಲ್ಲಿ ಪಕ್ಕದ ಆರಕ್ಕೂ ಹತ್ತಿತು. ಪೆನ್ನಲ್ಲಿ "ಪ್ರೀತಿಯ ತಂಗಿಗೆ" ಅಂತ ಯಾರೋ ಬರೆದಿದ್ರೆ ಬೇರೆಯವರು ಬೆಲೆ ಕಡಿಮೆ ಮಾಡ್ತಾರೆ, ನಾನು ಅಂಥವನ್ನೇ ಹುಡುಕ್ತೀನಿ.

ಸಿಕ್ಕಿದ್ದೆಲ್ಲ ತರ್ಬೇಡಿ, ಮನೆಯವರು ಆಚೆ ಹಾಕ್ತಾರೆ. ಒಂದು ದಾರ ಹಿಡೀರಿ. ನಂದು ಸಿನಿಮಾ ಹಾಡನ್ನ ಬರೀ ವಾದ್ಯದಲ್ಲಿ ನುಡಿಸಿದ ಎಲ್‌ಪಿಗಳು, ವಾನ್ ಶಿಪ್ಲೆ ಗಿಟಾರು, ಈನಾಕ್ ಡೇನಿಯಲ್ಸ್ ಅಕಾರ್ಡಿಯನ್ನು, ಈ ಥರದ್ದು. ಇನ್ನೊಬ್ರು ಬರೀ ಟೆಲಿಫೋನ್ ಇರೋ ಕವರ್ ಸೇರಿಸ್ತಾರೆ, ಹುಚ್ಚು ಅವರವರದ್ದು.

ಕ್ಲೀನಿಂಗ್ ವಿಷ್ಯದಲ್ಲಿ ಅವಸರ ಬೇಡ. ಕವರ್ ಓರೆ ಹಿಡಿದು ನೋಡಿ, ಮೇಲೆ ಪ್ಲಾಸ್ಟಿಕ್ ಲ್ಯಾಮಿನೇಷನ್ ಇದ್ರೆ ಚೆನ್ನಾಗಿ ಹಿಂಡಿದ ಬಟ್ಟೇಲಿ ಮೆಲ್ಲಗೆ ಒರೆಸ್ಬೋದು, ಬರೀ ಕಾಗದವಾದ್ರೆ ನೀರು ಸೋಕಿಸ್ಲೇಬೇಡಿ, ಒಣ ಬ್ರಶ್ ಸಾಕು. ಬೆಲೆ ಚೀಟಿ ಅಂಟಿದ್ರೆ ಹೇರ್ ಡ್ರೈಯರ್ ಇಂದ ಸ್ವಲ್ಪ ಬಿಸಿ ಮಾಡಿ ಮೂಲೆಯಿಂದ ನಿಧಾನಕ್ಕೆ ಎಬ್ಬಿಸಿ.

ಇಡೋದು ಯಾವಾಗ್ಲೂ ನಿಲ್ಲಿಸಿ, ಪುಸ್ತಕದ ಥರ. ಒಂದರ ಮೇಲೊಂದು ಪೇರಿಸಿದ್ರೆ ಆ ಬಳೆ ಗುರುತು ಗ್ಯಾರಂಟಿ. ಪ್ಲೇಟನ್ನ ಬೇರೆ ಬಿಳೀ ಕಾಗದದ ಚೀಲಕ್ಕೆ ಹಾಕಿ ಕವರಿನ ಹಿಂದೆ ಇಡಿ, ಒಳಗೇ ಬಿಟ್ರೆ ಅದರ ಭಾರಕ್ಕೆ ಅಂಚು ಹರಿಯುತ್ತೆ. ಹೊರಗಡೆ ಪಾಲಿಪ್ರೊಪಿಲೀನ್ ಕವರ್ ಹಾಕಿ, ಪಿವಿಸಿದು ಬೇಡ. ಜೊತೆಗೆ ತೇವ ಹೀರೋಕೆ ಸಿಲಿಕಾ ಜೆಲ್ ಪೊಟ್ಟಣ. ಕವರಿಗೆ ಏನಾದ್ರೂ ಅಂಟಿಸಿದ್ರೆ ಅದನ್ನ ಒಂಟಿಯಾಗಿಡಿ. ರೋಲಿಂಗ್ ಸ್ಟೋನ್ಸ್ ಅನ್ನೋ ರಾಕ್ ಬ್ಯಾಂಡಿನವರ 1971ರ ಆಲ್ಬಮ್ ಕವರಿಗೆ ಕಲಾವಿದ ಆಂಡಿ ವಾರ್ಹಾಲ್ ಐಡಿಯಾ ಅಂತ ನಿಜವಾದ ಪ್ಯಾಂಟ್ ಝಿಪ್ ಹಾಕಿದ್ರು, ಪೇರಿಸಿದಾಗ ಆ ಝಿಪ್ ಒತ್ತಿ ಪ್ಲೇಟೇ ಹಾಳಾಗೋದು, ಕೊನೆಗೆ ಝಿಪ್ ಅರ್ಧ ಕೆಳಗೆ ಎಳೆದು ಕಳಿಸೋಕೆ ಶುರು ಮಾಡಿದ್ರು, ಒತ್ತಿದ್ರೂ ನಡುವಿನ ಲೇಬಲ್ ಮೇಲೆ ಒತ್ಲಿ ಅಂತ.

ಗೋಡೆಗೆ ಹಾಕೋದಾದ್ರೆ ಬಿಸಿಲು ಬೀಳದ ಗೋಡೆ ನೋಡಿ, ಕೆಂಪು ಬಣ್ಣ ಬೇಗ ಬಿಳಿಚ್ಕೊಳುತ್ತೆ. ಕವರು 12 ಇಂಚಿಗಿಂತ ಸ್ವಲ್ಪ ದೊಡ್ಡದು, ಅಳತೆ ಬರ್ಕೊಂಡು ಹೋಗೋ ಬದ್ಲು ಕವರನ್ನೇ ಫ್ರೇಮ್ ಅಂಗಡಿಗೆ ತಗೊಂಡು ಹೋಗಿ, ಮತ್ತೆ ಅವನು ಅಂಚು ಕತ್ತರಿಸ್ದೇ ಇರೋ ಹಾಗೆ ಅಲ್ಲೇ ನಿಂತ್ಕೊಳಿ.