ಡ್ರಿಲ್ ಮುಟ್ಟದೆ ಹುಳುಕು ನಿಲ್ಲಿಸಿದ್ದು

ಎಸ್‌ಡಿಎಫ್ (ಸಿಲ್ವರ್ ಡಯಾಮಿನ್ ಫ್ಲೋರೈಡ್) ಅಂದರೆ ಹುಳುಕು ಹಲ್ಲಿಗೆ ಹಚ್ಚುವ, ಹುಳುಕನ್ನು ಕಪ್ಪಾಗಿಸಿ ನಿಲ್ಲಿಸುವ ಬೆಳ್ಳಿಯ ದ್ರವ. ಅದರ ಬಗ್ಗೆ ನಮ್ಮ ದಂತವೈದ್ಯರಲ್ಲಿ ಇನ್ನೂ ಅನುಮಾನ ಇದೆ. "ಹಲ್ಲು ಕಪ್ಪು ಮಾಡೋಕೆ ಡಾಕ್ಟರ್ ಯಾಕೆ ಬೇಕು?" ಅಂತ ಹಿರಿಯರೊಬ್ಬರು ನನ್ನ ಮುಖಕ್ಕೇ ಕೇಳಿದ್ದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಕೊಡಗಿನ ಸಿದ್ದಾಪುರದ ಸುತ್ತಮುತ್ತಲ ಏಳು ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಸುಮಾರು ನಾನೂರು ಮಕ್ಕಳ ಬಾಯಲ್ಲಿ ಇದೆ. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ, ಹೆಚ್ಚು ಕಡಿಮೆ ಕರೆಂಟೂ ಇಲ್ಲ.

ಶುರು ಮಾಡಿದ್ದು 2017ರ ಡಿಸೆಂಬರ್‌ನಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ. ತಾಯಂದಿರು ಹಣ್ಣು ಕೊಯ್ಯೋಕೆ ಹೋದರೆ ಮಕ್ಕಳು ಕಣದ ಪಕ್ಕದಲ್ಲೇ ಆಡಿಕೊಂಡಿರುತ್ತವೆ. ಬೆಳಗ್ಗೆ ಎದ್ದ ಕೂಡಲೇ ಬೆಲ್ಲದ ಕಾಫಿ, ಹತ್ತು ಗಂಟೆಗೆ ಬನ್ನಿನ ಜೊತೆ ಮತ್ತೊಂದು ಲೋಟ, ರಾತ್ರಿ ಮಲಗುವ ಮುಂಚೆ ಇನ್ನೊಂದು ಗುಟುಕು. ಮೂರು ವರ್ಷ ತುಂಬುವಷ್ಟರಲ್ಲಿ ಮೇಲಿನ ಮುಂದಲ ನಾಲ್ಕು ಹಲ್ಲು ಅರ್ಧಕ್ಕರ್ಧ ಕರಗಿರುತ್ತವೆ. ಮಗುವನ್ನು ಕ್ಲಿನಿಕ್ಕಿಗೆ ಕರ್ಕೊಂಡು ಬನ್ನಿ ಅಂದರೆ ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ, ಜೀಪಿನ ಬಾಡಿಗೆ ಬೇರೆ. ಯಾರೂ ಬರುವುದಿಲ್ಲ. ಬಂದರೆ ಕೀಳಿಸೋಕೆ ಮಾತ್ರ.

ಹಾಗಾಗಿ ನಾನೇ ಹೋಗಬೇಕು ಅಂತ ಮೊದಲು ಪೋರ್ಟಬಲ್ ಯೂನಿಟ್ (ಹೊತ್ತೊಯ್ಯುವ ಡ್ರಿಲ್ ಯಂತ್ರ) ಕೊಂಡೆ. ಸುಮಾರು ನಲವತ್ತೈದು ಸಾವಿರ ಕೊಟ್ಟಿದ್ದೆ. ಆರು ಸಲ ಬಳಸಿರಬಹುದು. ಲೈನ್ ಮನೆಯ ವೋಲ್ಟೇಜಿಗೆ ಕಂಪ್ರೆಸರ್ ಗುರ್ ಅಂತ ಸದ್ದು ಮಾಡಿ ನಿಲ್ಲುತ್ತಿತ್ತು. ಆ ಸದ್ದಿಗೇ ಮಕ್ಕಳು ಗಿಡಗಳ ನಡುವೆ ಓಡಿ ಹೋಗುತ್ತಿದ್ದವು. ಕೊನೆಗೆ ಹದಿನೆಂಟು ಸಾವಿರಕ್ಕೆ ಮಾರಿದೆ. ಆ ನಷ್ಟವೇ ನನ್ನನ್ನು ಎಸ್‌ಡಿಎಫ್ ಕಡೆ ತಳ್ಳಿತು.

ಜಪಾನಿನವರು 1970ರ ಸುಮಾರಿನಿಂದಲೇ ಇದನ್ನು ಬಳಸುತ್ತಿದ್ದಾರೆ. ಅಮೆರಿಕದಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ್ದು 2014ರಲ್ಲಿ, ಅದೂ ಹಲ್ಲು ಜುಂ ಅನ್ನುವುದಕ್ಕೆ ಮದ್ದು ಅಂತ. ಹುಳುಕಿಗೆ ಹಚ್ಚೋದೆಲ್ಲ ಡಾಕ್ಟರುಗಳು ತಮ್ಮ ಜವಾಬ್ದಾರಿಯ ಮೇಲೆ ಮಾಡಿಕೊಂಡು ಬಂದದ್ದು. ನಾನು ಬೆಂಗಳೂರಿನಿಂದ 38 ಪರ್ಸೆಂಟಿನ ಒಂದು ಬಾಟಲಿ ತರಿಸಿದೆ. ಎರಡು ಸಾವಿರದ ಆಸುಪಾಸು ಬಿತ್ತು. ಐದು ಎಂಎಲ್‌ನಲ್ಲಿ ನೂರೈವತ್ತು ಹನಿ ಬರುತ್ತದೆ, ಒಂದು ಹನಿಯಲ್ಲಿ ನಾಲ್ಕೈದು ಹಲ್ಲು ಮುಗಿಯುತ್ತದೆ. ಲೆಕ್ಕ ಹಾಕಿ ನೋಡಿ. ಹಲ್ಲೊಂದಕ್ಕೆ ಮೂರು ರೂಪಾಯಿ. ಕಾಟನ್ ರೋಲ್, ಮೈಕ್ರೋಬ್ರಷ್, ಗ್ಲೌಸ್ ಸೇರಿದರೂ ಹತ್ತು ರೂಪಾಯಿ ದಾಟುವುದಿಲ್ಲ.

ಮೊದಲ ವರ್ಷ ಪೂರ್ತಿ ಸೋತೆ. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಬೆಲೆ ಇಲ್ಲ.

ಅರವತ್ತು ಮಕ್ಕಳಿಗೆ ಹಚ್ಚಿದೆ, ಒಂದೇ ಸಲ. ಕೊಯ್ಲು ಮುಗಿಯಿತು, ಅರ್ಧಕ್ಕೂ ಜಾಸ್ತಿ ಕುಟುಂಬಗಳು ಊರಿಗೆ ಹೋದವು. ಮತ್ತೆ ಕೈಗೆ ಸಿಕ್ಕಿದ್ದು ಇಪ್ಪತ್ತೆರಡೋ ಇಪ್ಪತ್ತಮೂರೋ ಮಕ್ಕಳು. ಅವರಲ್ಲೂ ಅರ್ಧದಷ್ಟು ಹಲ್ಲುಗಳಿಗೆ ಪ್ರೋಬ್ (ಹಲ್ಲು ಪರೀಕ್ಷಿಸುವ ಚೂಪು ಕಡ್ಡಿ) ಇಟ್ಟರೆ ಒಳಗೆ ಇಳಿಯುತ್ತಿತ್ತು. ಮೇಲೆ ಕಪ್ಪು, ಒಳಗೆ ಮೆತ್ತಗೆ. ತಾಯಂದಿರ ಕಣ್ಣಿಗೆ ಕಂಡದ್ದು ಕಪ್ಪು ಮಾತ್ರ. ಇನ್ನೊಂದು ದೊಡ್ಡ ತಪ್ಪು ಏನೆಂದರೆ, ರಾತ್ರಿ ನೋವು ಬಂದು ಅಳುವ ಹಲ್ಲಿಗೂ ಹಚ್ಚಿಬಿಟ್ಟೆ. ಪಲ್ಪ್, ಅಂದರೆ ಹಲ್ಲಿನೊಳಗಿನ ನರ, ತಲುಪಿದ ಹುಳುಕಿಗೆ ಇದು ಮದ್ದಲ್ಲ, ನಮಗೆಲ್ಲ ಗೊತ್ತು. ಆದರೆ ಎದುರಿಗೆ ಮಗು ಅಳುತ್ತಾ ಕೂತಾಗ, ಏನಾದರೂ ಮಾಡೋಣ ಅನಿಸುತ್ತದೆ. ಮೂರು ಮಕ್ಕಳಿಗೆ ಕೀವು ತುಂಬಿ ಕೆನ್ನೆ ಊದಿತು. ಮೂವರನ್ನೂ ನನ್ನ ಖರ್ಚಿನಲ್ಲೇ ಕ್ಲಿನಿಕ್ಕಿಗೆ ಕರೆಸಿ ಹಲ್ಲು ಕಿತ್ತೆ. ಒಂದು ತೋಟದ ಬಾಗಿಲು ನನಗೆ ಅವತ್ತೇ ಮುಚ್ಚಿತು. ಇನ್ನೂ ತೆರೆದಿಲ್ಲ.

ಸಣ್ಣ ತಪ್ಪುಗಳಿಗೂ ದುಡ್ಡು ಹೋಯಿತು. ಹನಿಯನ್ನು ಸ್ಟೀಲ್ ಬಟ್ಟಲಿಗೆ ಹಾಕಿದೆ, ಬಟ್ಟಲು ಕೆಟ್ಟಿತು. ಪ್ಲಾಸ್ಟಿಕ್ಕೇ ಆಗಬೇಕು. ತೋಟದ ಲೆಕ್ಕ ಬರೆಯುವ ರೈಟರ್ ಕೂರುವ ಮರದ ಟೇಬಲ್ ಮೇಲೆ ನಾಲ್ಕು ಹನಿ ಚೆಲ್ಲಿತು. ಸಾಯಂಕಾಲದ ಹೊತ್ತಿಗೆ ಕಾಫಿ ಕಷಾಯದ ಬಣ್ಣದ ಕಲೆ, ಏನು ತಿಕ್ಕಿದರೂ ಹೋಗಲಿಲ್ಲ. ಪಾಲಿಶ್ ಮಾಡಿಸಿಕೊಟ್ಟೆ, ಸಾವಿರದ ಇನ್ನೂರು. ಮಕ್ಕಳ ತುಟಿಗೆ ತಾಗಿದರೆ ಮರುದಿನ ಕಪ್ಪು, ಒಂದೆರಡು ವಾರಕ್ಕೆ ತಾನಾಗೇ ಹೋಗುತ್ತದೆ. ಆದರೆ ಮರುದಿನ ಬೆಳಗ್ಗೆ ನಿಮಗೆ ಎಂಟು ಫೋನ್ ಬರುತ್ತವೆ. ವ್ಯಾಸಲೀನ್ ಧಾರಾಳವಾಗಿ ಹಚ್ಚಿ, ಕೆನ್ನೆವರೆಗೂ ಹಚ್ಚಿ.

ಆಮೇಲೆ 2018ರ ಆಗಸ್ಟ್. ಆ ಮಳೆ ಕೊಡಗಿನವರಿಗೆ ನೆನಪಿಸಬೇಕಾಗಿಲ್ಲ. ಗುಡ್ಡ ಕುಸಿದು ಮನೆ ಕಳೆದುಕೊಂಡವರ ಮುಂದೆ ನನ್ನ ನಷ್ಟ ಏನೂ ಅಲ್ಲ. ಆದರೆ ಕೆಲಸದ ವಿಷಯ ಅಂತ ಹೇಳುತ್ತೇನೆ. ಕ್ಲಿನಿಕ್ಕಿನ ಹಿಂದಿನ ರೂಮಿನಲ್ಲಿಟ್ಟಿದ್ದ ಜಿಐಸಿ (ಹಲ್ಲು ತುಂಬುವ ಗ್ಲಾಸ್ ಅಯಾನಮರ್ ಸಿಮೆಂಟ್) ಪೌಡರ್ ಪೂರ್ತಿ ತೇವ ಹಿಡಿಯಿತು. ಹದಿನಾಲ್ಕು ಸಾವಿರದ ಮಾಲು. ಗಂಟು ಒಡೆದು ಬಳಸಬಹುದು ಅಂದುಕೊಂಡೆ. ಬಳಸಿದೆ ಕೂಡ. ತಿಂಗಳೊಳಗೆ ಒಂದೊಂದೇ ಫಿಲ್ಲಿಂಗ್ ಉದುರಿತು. ಉಪ್ಪೇ ನೀರಾಗುವ ಊರಿನಲ್ಲಿ ಈ ಪೌಡರ್ ಉಳಿಯುತ್ತದೆಯಾ? ನಮ್ಮಮ್ಮ ಉಪ್ಪಿನ ಭರಣಿಗೆ ಹುರಿದ ಅಕ್ಕಿ ಹಾಕುತ್ತಿದ್ದರು. ಈಗ ನಾನೂ ಪೌಡರ್ ಬಾಟಲಿಯನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಸುತ್ತ ಹುರಿದ ಅಕ್ಕಿಯ ಬಟ್ಟೆ ಪೊಟ್ಟಣ ಇಡುತ್ತೇನೆ. ಸಿಲಿಕಾ ಜೆಲ್ಲೂ ಹಾಕಿ ನೋಡಿದೆ. ನನ್ನ ಅನುಭವದಲ್ಲಿ ಎರಡೂ ಒಂದೇ, ಅಕ್ಕಿಗೆ ದುಡ್ಡು ಕೊಡಬೇಕಾಗಿಲ್ಲ ಅಷ್ಟೆ. ಜೂನ್ ಬಂದರೆ ವಾರಕ್ಕೊಮ್ಮೆ ಬದಲಾಯಿಸಬೇಕು.

ತಿರುವು ಸಿಕ್ಕಿದ್ದು 2019ರಲ್ಲಿ. ಹಾಂಗ್‌ಕಾಂಗ್‌ನ ಶಿಶುವಿಹಾರದ ಮಕ್ಕಳ ಮೇಲೆ 30 ತಿಂಗಳು ನಡೆಸಿದ ಅಧ್ಯಯನ ಅದರ ಹಿಂದಿನ ವರ್ಷ ಬಂದಿತ್ತು. 38 ಪರ್ಸೆಂಟಿನದನ್ನು ವರ್ಷಕ್ಕೊಮ್ಮೆ ಹಚ್ಚಿದರೆ ಮೂರರಲ್ಲಿ ಎರಡು ಹುಳುಕು ನಿಲ್ಲುತ್ತದೆ, ಎರಡು ಸಲ ಹಚ್ಚಿದರೆ ಸುಮಾರು ಮುಕ್ಕಾಲು ಪಾಲು. ಓದಿದ ಮೇಲೆ ಗೊತ್ತಾಯಿತು, ನಾನು ಸೋತಿದ್ದು ಮದ್ದಿನಿಂದಲ್ಲ, ಕ್ಯಾಲೆಂಡರಿನಿಂದ. ಆರು ತಿಂಗಳಿಗೊಮ್ಮೆ ಅಂದರೆ ಈ ಜಿಲ್ಲೆಯಲ್ಲಿ ಯಾವಾಗ? ಕೊಯ್ಲಿಗೆ ಜನ ಬಂದ ಕೂಡಲೇ ಡಿಸೆಂಬರ್ ಮೊದಲ ವಾರ ಒಂದು. ಮಳೆ ಹಿಡಿಯುವ ಮುಂಚೆ, ಮೇ ಕೊನೆಯಲ್ಲಿ ಇನ್ನೊಂದು. ಊರಿಗೆ ಹೋಗುವವರನ್ನು ಬಿಟ್ಟು, ವರ್ಷಪೂರ್ತಿ ಲೈನಿನಲ್ಲೇ ಇರುವ ಕುಟುಂಬಗಳ ಪಟ್ಟಿಯನ್ನು ರೈಟರ್ ಹತ್ತಿರ ಬರೆಸಿಕೊಂಡೆ. ಊರಿಗೆ ಹೋಗುವ ಮಕ್ಕಳಿಗೆ ಬೇರೆ ದಾರಿ, ಅದನ್ನು ಆಮೇಲೆ ಹೇಳುತ್ತೇನೆ.

ತಾಯಂದಿರನ್ನು ಒಪ್ಪಿಸುವುದು ಮದ್ದು ಹಚ್ಚುವುದಕ್ಕಿಂತ ಕಷ್ಟ. ಮೊದಲೆಲ್ಲ ಫೋಟೋ ತೋರಿಸುತ್ತಿದ್ದೆ. ಕಪ್ಪು ಹಲ್ಲಿನ ಫೋಟೋ ನೋಡಿದ ಕೂಡಲೇ ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಒಬ್ಬಳು ತಾಯಿ ಕೇಳಿದಳು, "ಹೆಣ್ಣು ಮಗು ಅಲ್ವಾ ಡಾಕ್ಟ್ರಮ್ಮ, ನಾಳೆ ನಾಲ್ಕು ಜನ ಏನಂತಾರೆ?" ಆ ಮಗುವಿನ ಕಾಲಲ್ಲಿ ಬೆಳ್ಳಿ ಕಾಲ್ಗೆಜ್ಜೆ ಇತ್ತು, ಮಾಸಿ ಕಪ್ಪಾಗಿತ್ತು. ನನ್ನ ಬಾಯಿಂದ ತಾನಾಗೇ ಬಂತು: "ಇದರಲ್ಲೂ ಬೆಳ್ಳಿನೇ ಇರೋದು ತಾಯಿ. ಗೆಜ್ಜೆ ಕಪ್ಪಾಗಲ್ವಾ, ಹಾಗೇ ಇದೂ. ಕಪ್ಪಾದ್ರೆ ಬೆಳ್ಳಿ ಹಿಡೀತು ಅಂತ ಅರ್ಥ." ಅವಳು ಗೆಜ್ಜೆ ನೋಡಿದಳು, ಮಗುವಿನ ಬಾಯಿ ನೋಡಿದಳು, ತಾನೇ ಮಗುವಿನ ಗಲ್ಲ ಹಿಡಿದು ಬಾಯಿ ತೆರೆಸಿದಳು. ಅವತ್ತಿನಿಂದ ಲೈನ್ ಮನೆಗಳಲ್ಲಿ ಇದಕ್ಕೆ "ಬೆಳ್ಳಿ ಹಚ್ಚೋದು" ಅಂತಲೇ ಹೆಸರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತೇನೆ, ಕಪ್ಪಾಗುವುದು ಹೋಗುವುದಿಲ್ಲ ಅಂತ ಎರಡೆರಡು ಸಲ ಬಿಡಿಸಿ ಹೇಳುತ್ತೇನೆ. ಬೇಡ ಅಂದವರಿಗೆ ಹಚ್ಚುವುದಿಲ್ಲ.

ತೋಟದ ಸಾಹುಕಾರ್ರನ್ನು ಒಪ್ಪಿಸಿದ್ದು ಬೇರೆ ರೀತಿ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಎಸ್‌ಡಿಎಫ್ ಮತ್ತು ಗ್ಲಾಸ್ ಅಯಾನಮರ್ ಎರಡನ್ನೂ ಸೇರಿಸಿತು. ಆ ಪುಟವನ್ನು ಪ್ರಿಂಟ್ ಹಾಕಿ ತೋರಿಸಿದೆ. ಮೂರು ತೋಟದವರು ಮಾಲಿನ ಖರ್ಚು ತಾವೇ ಕೊಡುತ್ತೇವೆ ಅಂದರು. ಅದಕ್ಕೆ ಮುಂಚೆ ಕೋವಿಡ್ ಕೂಡ ಒಂದು ರೀತಿಯಲ್ಲಿ ಸಹಾಯ ಮಾಡಿತ್ತು. 2020ರಲ್ಲಿ ಏರೋಟರ್ (ನೀರು ಚಿಮ್ಮುತ್ತಾ ಕೊರೆಯುವ ಡ್ರಿಲ್) ಹಿಡಿಯೋಕೆ ಎಲ್ಲರೂ ಹೆದರಿದ್ದ ಹೊತ್ತಿನಲ್ಲಿ ನೀರು ಚಿಮ್ಮದ ಕೆಲಸ ನನ್ನದು ಮಾತ್ರ. ಆಗಲೇ ಇಬ್ಬರು ಸಹೋದ್ಯೋಗಿಗಳು ಮೊದಲ ಸಲ ಫೋನ್ ಮಾಡಿ ಡೋಸ್ ಕೇಳಿದರು.

ಹಚ್ಚುವ ಕ್ರಮ ನಿಮ್ಮದೇ. ನಾನು ಒತ್ತಿ ಹೇಳೋದು ನಾಲ್ಕು ಮಾತು. ಹಲ್ಲು ಒಣಗಿರಬೇಕು, ಕಾಟನ್ ಎರಡು ಸಲ ಬದಲಾಯಿಸಿದರೂ ಪರವಾಗಿಲ್ಲ. ಹನಿ ತೆಗೆದ ಮೇಲೆ ತಡ ಮಾಡಬೇಡಿ. ಹುಳುಕಿನ ಮೇಲೆ ಪೂರ್ತಿ ಒಂದು ನಿಮಿಷ ಬ್ರಷ್ ಆಡಿಸಿ. ಎಷ್ಟೇ ಹಲ್ಲಿದ್ದರೂ ಒಂದು ಮಗುವಿಗೆ ಒಂದೇ ಹನಿ. 44,800 ಪಿಪಿಎಂ ಫ್ಲೋರೈಡ್ ಅನ್ನೋದು ಆಟದ ಮಾತಲ್ಲ. ಎರಡೂವರೆ ವರ್ಷದ ಮಗು ಒಂದು ನಿಮಿಷ ಬಾಯಿ ತೆರೆದು ಕೂರುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ನನ್ನದೊಂದು ಉಪಾಯ ಇದೆ. ಬರೆದರೆ ಅರ್ಥ ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಜೊತೆಗೆ ಬನ್ನಿ, ಕಣ್ಣಾರೆ ನೋಡಿ.

ಮುಂದಲ ಹಲ್ಲುಗಳಲ್ಲಿ ಫಲ ಚೆನ್ನಾಗಿದೆ. ನನ್ನ ಪುಸ್ತಕದ ಲೆಕ್ಕದಲ್ಲಿ ಹತ್ತರಲ್ಲಿ ಎಂಟು ಗಟ್ಟಿಯಾಗಿವೆ. ದವಡೆ ಹಲ್ಲಿನಲ್ಲಿ ಹತ್ತಕ್ಕೆ ಆರು. ಕಾರಣ ನಿಮಗೆ ಗೊತ್ತೇ ಇದೆ, ಎರಡು ಹಲ್ಲಿನ ಸಂದಿಯಲ್ಲಿ ಊಟ ಸಿಕ್ಕಿಕೊಂಡರೆ ಯಾವ ಬೆಳ್ಳಿಯೂ ಕಾಪಾಡುವುದಿಲ್ಲ. ಹಾಗಾಗಿ ದವಡೆ ಹಲ್ಲಿಗೆ ಒಂದೆರಡು ವಾರ ಬಿಟ್ಟು ಜಿಐಸಿ ತುಂಬುತ್ತೇನೆ. ಅದೇ ದಿನ ತುಂಬಿದರೆ ಫಿಲ್ಲಿಂಗ್ ಕೂಡ ಬೂದಿ ಬಣ್ಣಕ್ಕೆ ತಿರುಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಚಳಿಗೆ ಜಿಐಸಿ ಗಟ್ಟಿಯಾಗೋದು ನಿಧಾನ, ಅಷ್ಟರಲ್ಲಿ ಎಂಜಲು ಮುಟ್ಟಿಬಿಡುತ್ತದೆ. ಸೆಲ್ಫ್‌ಕ್ಯೂರ್ (ತಾನಾಗೇ ಗಟ್ಟಿಯಾಗುವ) ಮಾಲಿನ ಮೇಲೆ ಬ್ಯಾಟರಿ ಕ್ಯೂರಿಂಗ್ ಲೈಟ್ (ಬೇರೆ ಫಿಲ್ಲಿಂಗ್ ಗಟ್ಟಿ ಮಾಡುವ ದೀಪ) ಹಿಡಿಯಲು ಶುರು ಮಾಡಿದೆ. ಬೆಳಕಿಗಲ್ಲ, ಅದರ ಬಿಸಿಗೆ. ಗೆಳೆಯರೊಬ್ಬರು "ಸುಮ್ನೆ ಬ್ಯಾಟರಿ ಹಾಳು" ಅಂದರು. ಒಂದೇ ಮಗುವಿನ ಎಡಕ್ಕೆ ಲೈಟ್ ಹಿಡಿದು, ಬಲಕ್ಕೆ ಹಿಡಿಯದೆ, ಹನ್ನೊಂದು ಮಕ್ಕಳಲ್ಲಿ ನೋಡಿದೆ. ಆರು ತಿಂಗಳ ಮೇಲೆ ಲೈಟ್ ಹಿಡಿದ ಕಡೆ ಒಂದು ಬಿದ್ದಿತ್ತು, ಹಿಡಿಯದ ಕಡೆ ನಾಲ್ಕು. ಎಷ್ಟು ಹೊತ್ತು, ಎಷ್ಟು ದೂರ ಅನ್ನೋದರಲ್ಲಿ ವಿಷಯ ಇದೆ. ಅದನ್ನು ಇನ್ನೂ ಸರಿಮಾಡಿಕೊಳ್ಳುತ್ತಿದ್ದೇನೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಕಪ್ಪು ತಪ್ಪಿಸೋಕೆ ಪೊಟಾಷಿಯಂ ಅಯೋಡೈಡ್ ಕೂಡ ಹಚ್ಚಿ ನೋಡಿದೆ. ಹಚ್ಚಿದ ಕೂಡಲೇ ಹಾಲು ಒಡೆದ ಹಾಗೆ ಬೆಳ್ಳಗೆ ಗಸಿ ಏಳುತ್ತದೆ, ಒರೆಸಿದರೆ ಹಲ್ಲು ಚೆನ್ನಾಗೇ ಕಾಣುತ್ತದೆ. ತಾಯಂದಿರಿಗೆ ಖುಷಿಯೋ ಖುಷಿ. ಎರಡು ತಿಂಗಳಲ್ಲಿ ಅದೂ ಕಂದು ಬಣ್ಣಕ್ಕೆ ತಿರುಗಿತು. ಮಾತು ಕೊಟ್ಟು ತಪ್ಪಿದ ಹಾಗಾಯಿತು. ನಿಲ್ಲಿಸಿಬಿಟ್ಟೆ.

ಇನ್ನು, ಊರಿಗೆ ಹೋಗುವ ಮಕ್ಕಳಿಗೆ ಬೇರೆ ದಾರಿ ಅಂದೆನಲ್ಲ, ಅದು ಹಾಲ್ ಟೆಕ್ನಿಕ್. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ತನ್ನ ಕ್ಲಿನಿಕ್ಕಿನಲ್ಲಿ ಮಾಡಿಕೊಂಡು ಬಂದದ್ದು. ಕೊರೆಯುವುದಿಲ್ಲ, ಮರಗಟ್ಟಿಸುವುದಿಲ್ಲ, ಹುಳುಕನ್ನು ಒಳಗೇ ಬಿಟ್ಟು ಮೇಲೆ ಸ್ಟೀಲ್ ಕ್ಯಾಪ್ ಒತ್ತಿ ಕೂರಿಸುವುದು. ಆಹಾರ ಸಿಗದೆ ಹುಳುಕು ಅಲ್ಲೇ ನಿಲ್ಲುತ್ತದೆ. ಮತ್ತೆ ಕೈಗೆ ಸಿಗದ ಮಗುವಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಕ್ಯಾಪಿನ ಕಿಟ್ಟಿಗೆ ಹತ್ತು ಸಾವಿರದ ಹತ್ತಿರ ಆಗುತ್ತದೆ, ಇಡೀ ಕೆಲಸದಲ್ಲಿ ದುಬಾರಿ ಅಂದರೆ ಇದೊಂದೇ. ಸೆಪರೇಟರ್ (ಹಲ್ಲಿನ ಸಂದಿ ಅಗಲಿಸುವ ರಬ್ಬರ್ ಉಂಗುರ) ಹಾಕಿ ಮೂರು ದಿನಕ್ಕೆ ಮತ್ತೆ ಹೋಗಬೇಕು. ಕ್ಯಾಪ್ ಹಾಕಿದ ಮೇಲೆ ಕಚ್ಚು ಎತ್ತರವಾಗಿ ಮಗು ಎರಡು ದಿನ ಊಟಕ್ಕೆ ಮುಖ ಸಿಂಡರಿಸುತ್ತದೆ. ಕೆಲವು ವಾರದಲ್ಲಿ ತಾನಾಗೇ ಸರಿಹೋಗುತ್ತದೆ. ಮೊದಲೇ ಹೇಳಿಟ್ಟರೆ ಜಗಳ ಇಲ್ಲ.

ಕೆಲಸ ಯಾವಾಗಲೂ ಬೆಳಗ್ಗೆ ಹತ್ತಕ್ಕೆ ಶುರು, ನಾಲ್ಕಕ್ಕೆ ಮುಗಿಸಲೇಬೇಕು. ಮಾಲ್ದಾರೆ ಕಡೆಯ ರಸ್ತೆಯಲ್ಲಿ ಹೊತ್ತು ಇಳಿದ ಮೇಲೆ ಆನೆ. ಒಂದು ಸಲ ಆರೂವರೆ ಆಯಿತು, ಜೀಪಿನ ಲೈಟ್ ಆರಿಸಿ ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಕೂತಿದ್ದೆವು. ಒಂದು ದಿನಕ್ಕೆ ಮೂವತ್ತು ಮಕ್ಕಳು, ಅದಕ್ಕಿಂತ ಜಾಸ್ತಿ ಬೇಡ.

ನ್ಯೂಯಾರ್ಕಿನ ಶಾಲೆಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ನರ್ಸ್‌ಗಳು ಹಚ್ಚಿದರೂ ಫಲ ಕಡಿಮೆ ಆಗಲಿಲ್ಲ. ಅದನ್ನು ಓದಿದಾಗಿನಿಂದ ಒಂದೇ ಆಸೆ. ನಮ್ಮ ತೋಟದ ಡಿಸ್ಪೆನ್ಸರಿ ನರ್ಸ್‌ಗಳಿಗೆ ಇದನ್ನು ಕಲಿಸಬೇಕು. ಇಬ್ಬರು ಈಗಾಗಲೇ ನನ್ನ ಪಕ್ಕದಲ್ಲಿ ನಿಂತು ನೋಡಿಕೊಳ್ಳುತ್ತಿದ್ದಾರೆ.

ಹೋದ ತಿಂಗಳು ಒಬ್ಬ ಹುಡುಗಿ ಕ್ಲಿನಿಕ್ಕಿಗೆ ಬಂದಳು. ಹತ್ತು ವರ್ಷ. ಅದೇ ಕಾಲ್ಗೆಜ್ಜೆಯ ಮಗು. ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟಳು. ಒಳಗೆ ಅವಳ ದವಡೆಯ ಹಾಲುಹಲ್ಲು. ಬೀಳಬೇಕಾದ ವಯಸ್ಸಿಗೆ ತಾನಾಗೇ ಬಿದ್ದಿತ್ತು, ಒಂದು ದಿನವೂ ನೋಯಲಿಲ್ಲವಂತೆ. ಅವಳನ್ನು ಕೇಳಿ ಇಟ್ಟುಕೊಂಡೆ. ರಾತ್ರಿ ಲ್ಯಾಬಿನ ಡಿಸ್ಕ್ ಹಾಕಿ ಉದ್ದಕ್ಕೆ ಸೀಳಿದೆ, ಲೆನ್ಸ್ ಇಟ್ಟು ನೋಡಿದೆ. ಫಿಲ್ಲಿಂಗ್ ಒಂದು ಕಡೆ ಸವೆದು ಹೋಗಿತ್ತು. ಅದರ ಕೆಳಗೆ ಕಾಡಿಗೆ ಗೆರೆ ಎಳೆದ ಹಾಗೆ ತೆಳು ಕಪ್ಪು. ಅದರ ಕೆಳಗೆ ಹಳದಿ ಡೆಂಟಿನ್, ಹಲ್ಲಿನ ಒಳಪದರ. ಪ್ರೋಬ್ ಎಳೆದರೆ ಸ್ಲೇಟಿನ ಮೇಲೆ ಬಳಪ ಎಳೆದ ಹಾಗೆ ಕಿರ್ ಅಂತ ಸದ್ದು. ಎಲ್ಲೂ ಇಳಿಯಲಿಲ್ಲ.