ಹ್ಯಾಂಡಲ್ ಎತ್ತರಿಸುವ ಮುಂಚೆ ಕೇಬಲ್ ಅಳೆಯಿರಿ

ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೋ ಶ್ರೀರಂಗಪಟ್ಟಣದ ಕಡೆಗೋ ಹೊರಡುವ ಮೌಂಟನ್ ಬೈಕ್‌ಗಳನ್ನು ನೋಡುತ್ತಿರುತ್ತೇನೆ. ಎತ್ತರದ ಹ್ಯಾಂಡಲ್ ಹಾಕಿಸಿಕೊಂಡವರು ಆರಾಮಾಗಿ ಕೂತಿರುತ್ತಾರೆ. ಆದರೆ ಕೆಳಗೆ ಕೇಬಲ್ ನೋಡಿದರೆ ಎಳೆದು ಕಟ್ಟಿದ ಹಾಗಿರುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಗೇರ್ ತಾನಾಗಿಯೇ ಬದಲಾಗುತ್ತದೆ, ಬ್ರೇಕ್ ತಾನಾಗಿಯೇ ಹಿಡಿಯುತ್ತದೆ. ಹ್ಯಾಂಡಲ್ ಬದಲಾಯಿಸುವುದು ಸುಲಭ. ಕೇಬಲ್ ಉದ್ದ ಸರಿ ಮಾಡುವುದೇ ನಿಜವಾದ ಕೆಲಸ, ಜನ ಕೈಬಿಡುವುದೂ ಅದನ್ನೇ.

ಮೊದಲು ದುಡ್ಡಿಲ್ಲದ ದಾರಿ ನೋಡಿ

ಅಂಗೈ ಜೋಮು ಹಿಡಿಯುತ್ತಿದ್ದರೆ ಸೀಟಿನ ಮೂತಿ ಕೆಳಕ್ಕೆ ಬಾಗಿದೆಯಾ ಅಂತ ನೋಡಿ. ಬಾಗಿದ್ದರೆ ಮೈಭಾರವೆಲ್ಲ ಕೈ ಮೇಲೆ ಜಾರುತ್ತದೆ. ಆಗ ಯಾವ ಹ್ಯಾಂಡಲ್ ಹಾಕಿದರೂ ಪ್ರಯೋಜನವಿಲ್ಲ. ಆಮೇಲೆ ಸ್ಟೆಮ್, ಅಂದರೆ ಹ್ಯಾಂಡಲ್ಲನ್ನು ಫೋರ್ಕಿಗೆ (ಮುಂದಿನ ಚಕ್ರ ಹಿಡಿಯುವ ಕವೆಗೆ) ಜೋಡಿಸುವ ತುಂಡು ನೋಡಿ. ಅದರ ಮೇಲುಗಡೆ ಸ್ಪೇಸರ್ ಉಂಗುರಗಳಿದ್ದರೆ ಅವನ್ನು ಸ್ಟೆಮ್ ಕೆಳಗೆ ಹಾಕಿ. ಸ್ಟೆಮ್ ಕೆಳಮುಖವಾಗಿದ್ದರೆ ತಿರುಗಿಸಿ ಹಾಕಬಹುದು. 80 ಮಿ.ಮೀ. ಉದ್ದದ, 6 ಡಿಗ್ರಿ ಓರೆಯ ಸ್ಟೆಮ್ ತಿರುಗಿಸಿದರೆ ಸುಮಾರು 15 ಮಿ.ಮೀ. ಎತ್ತರ ಸಿಗುತ್ತದೆ. ಹೀಗೆ ಸ್ಟೆಮ್ ಬಿಚ್ಚಿದರೆ ಜೋಡಿಸುವಾಗ ಮೊದಲು ಮೇಲಿನ ಟಾಪ್ ಕ್ಯಾಪ್ ಬೋಲ್ಟ್, ಆಮೇಲೆ ಪಕ್ಕದ ಬೋಲ್ಟ್‌ಗಳು. ಟಾಪ್ ಕ್ಯಾಪ್ ಇರುವುದು ಬೇರಿಂಗಿನ ಅಲುಗಾಟ ತೆಗೆಯಲು. ಸ್ಟೆಮ್ಮನ್ನು ಹಿಡಿದಿಡುವುದು ಪಕ್ಕದ ಬೋಲ್ಟ್‌ಗಳೇ.

ಕಡಿಮೆ ಬೆಲೆಯ, ಗೇರಿಲ್ಲದ ಹಲವು ಸೈಕಲ್‌ಗಳಲ್ಲಿ ಸ್ಟೆಮ್ ಫೋರ್ಕಿನ ಕೊಳವೆಯೊಳಗೆ ಇಳಿದಿರುತ್ತದೆ. ಅದನ್ನೇ ಮೇಲಕ್ಕೆ ಎಳೆಯಬಹುದು. ಆದರೆ ಅದರ ಮೇಲೊಂದು ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣಬಾರದು, ಕಂಡರೆ ಸ್ಟೆಮ್ ಕಿತ್ತು ಬರುವ ಅಪಾಯವಿದೆ.

ಎತ್ತರ ಕೂಡಿಸುವ ಎಕ್ಸ್‌ಟೆಂಡರ್, ಕೀಲಿರುವ ಅಡ್ಜಸ್ಟಬಲ್ ಸ್ಟೆಮ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ. ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸುವವರು ಅವನ್ನು ಹಾಕಲೇಬೇಡಿ. ಕೀಲು ಸಡಿಲವಾದರೆ ಹ್ಯಾಂಡಲ್ ಕೈಕೊಡುತ್ತದೆ.

ಯಾವ ಹ್ಯಾಂಡಲ್

ಸ್ಟೆಮ್ ಹಿಡಿಯುವ ಜಾಗದ ದಪ್ಪ 25.4, 31.8 ಅಥವಾ 35 ಮಿ.ಮೀ. ಇರುತ್ತದೆ. ನಿಮ್ಮ ಸ್ಟೆಮ್ ಯಾವುದೋ ಅದೇ ಅಳತೆಯ ಹ್ಯಾಂಡಲ್ ಬೇಕು. ತಗಡು ಕತ್ತರಿಸಿ ಸುತ್ತಿ ಕೂರಿಸಿದ್ದನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಗ್ರಿಪ್ ಕೂರುವ ಜಾಗ ಮೌಂಟನ್ ಬೈಕ್ ಹ್ಯಾಂಡಲ್‌ಗಳಲ್ಲಿ 22.2 ಮಿ.ಮೀ., ಹಾಗಾಗಿ ಹಳೆಯ ಬ್ರೇಕ್ ಲಿವರ್, ಗೇರ್ ಬದಲಿಸುವ ಶಿಫ್ಟರ್, ಗ್ರಿಪ್ ಎಲ್ಲ ಹೊಂದುತ್ತವೆ.

ಎತ್ತರಕ್ಕೆ, ಅಂದರೆ ಹ್ಯಾಂಡಲ್ಲಿನ ನಡುಭಾಗಕ್ಕಿಂತ ತುದಿಗಳು ಎಷ್ಟು ಮೇಲಿವೆ ಅನ್ನುವುದಕ್ಕೆ, ನನ್ನ ಸಲಹೆ 40 ಮಿ.ಮೀ. 50 ದಾಟಬೇಡಿ. ಹ್ಯಾಂಡಲ್ ಎತ್ತರವಾದಷ್ಟೂ ಭಾರ ಹಿಂದಕ್ಕೆ ಹೋಗುತ್ತದೆ. ಕರಿಘಟ್ಟದಂಥ ಕಡೆ ಕಡಿದಾದ ಮಣ್ಣಿನ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಹೊಯ್ದಾಡುತ್ತದೆ. ಅಗಲ 720ರಿಂದ 740 ಸಾಕು. 780 ಮಿ.ಮೀ. ಹ್ಯಾಂಡಲ್ ಹಿಡಿದು ದೇವರಾಜ ಅರಸು ರಸ್ತೆಯ ಸ್ಕೂಟರ್‌ಗಳ ನಡುವೆ ನುಸುಳುವುದು ಕಷ್ಟ ಅಲ್ವಾ? ಅಗಲದ್ದೇ ಸಿಕ್ಕರೆ ಸ್ವಲ್ಪ ದಿನ ಓಡಿಸಿ ನೋಡಿ, ಆಮೇಲೆ ಎರಡೂ ಕಡೆ ಸಮನಾಗಿ ಕತ್ತರಿಸಿ.

ಗ್ರಿಪ್ ತೆಗೆಯುವುದು

ಬೋಲ್ಟಿರುವ ಗ್ರಿಪ್ ಆದರೆ ಅಲೆನ್ ಕೀಯಲ್ಲಿ ಬಿಚ್ಚಿ. ರಬ್ಬರಿನದಾದರೆ ತೆಳ್ಳನೆಯ ಕಡ್ಡಿ ತೂರಿಸಿ, ಒಳಗೆ ಸರ್ಜಿಕಲ್ ಸ್ಪಿರಿಟ್ ಬಿಟ್ಟು ತಿರುಗಿಸಿದರೆ ಬರುತ್ತದೆ. ಹಾಕುವಾಗಲೂ ಸ್ಪಿರಿಟ್ಟೇ, ಏಕೆಂದರೆ ಅದು ಬೇಗ ಆರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಗ್ರಿಪ್ ಜಾರುತ್ತಲೇ ಇರುತ್ತದೆ.

ಕೇಬಲ್ ಲೆಕ್ಕ

ಇಲ್ಲಿ ಅವಸರ ಬೇಡ. ಹ್ಯಾಂಡಲ್ 40 ಮಿ.ಮೀ. ಎತ್ತರವಾದರೆ ಕೇಬಲ್ಲಿಗೂ 40 ಮಿ.ಮೀ. ಹೆಚ್ಚಿಗೆ ಸಾಕು ಅಂದುಕೊಳ್ಳುತ್ತಾರೆ. ಅಗಲವನ್ನು ಮರೆಯುತ್ತಾರೆ. ಹಳೆಯದು 660, ಹೊಸದು 740 ಆದರೆ ಲಿವರ್ ಪ್ರತಿ ಕಡೆ ಇನ್ನೂ 40 ಮಿ.ಮೀ. ಹೊರಕ್ಕೆ ಹೋಗುತ್ತದೆ. ಎರಡನ್ನೂ ಕೂಡಿ 80 ಮಿ.ಮೀ. ಬೇಕೆಂದೇ ಲೆಕ್ಕ ಹಾಕಿ. ಉಳಿದರೆ ಆಮೇಲೆ ಕತ್ತರಿಸಬಹುದು.

ಹೊಸ ಹ್ಯಾಂಡಲ್ಲನ್ನು ಸುಮ್ನೆ ಸಡಿಲವಾಗಿ ಕೂರಿಸಿ, ಲಿವರ್, ಶಿಫ್ಟರ್‌ಗಳನ್ನು ಅವು ಇರಬೇಕಾದ ಜಾಗಕ್ಕೆ ತನ್ನಿ. ತರುವಾಗಲೇ ಕೇಬಲ್ ಎಳೆದರೆ ಬಲವಂತ ಮಾಡಬೇಡಿ, ಕೇಬಲ್ ಬದಲಾಯಿಸಬೇಕು ಅಂತಲೇ ಅರ್ಥ. ಬಂದರೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಫ್ರೇಮಿನಲ್ಲಿ ಕೇಬಲ್ ಒಳಹೋಗುವ ಜಾಗದ ಮೇಲೆ ಕಣ್ಣಿಡಿ. ಔಟರ್ (ಕೇಬಲ್ಲಿನ ಹೊರಕವಚ) ತುದಿ ಅಲ್ಲಿಂದ ಎದ್ದು ಬರಬಾರದು. ಎಲ್ಲೂ ಚೂಪಾಗಿ ಮಡಿಸಿಕೊಳ್ಳಬಾರದು. ಹಿಂದಿನ ಚಕ್ರ ಎತ್ತಿ ಹಿಡಿದು ಪೆಡಲ್ ತಿರುಗಿಸುತ್ತಾ, ಇನ್ನೊಬ್ಬರ ಕೈಲಿ ಹ್ಯಾಂಡಲ್ ತಿರುಗಿಸಿ ನೋಡಿ. ಚೈನ್ ಪಕ್ಕದ ಹಲ್ಲುಚಕ್ರಕ್ಕೆ ಹಾರಿದರೆ ಗೇರ್ ಕೇಬಲ್ ಗಿಡ್ಡವಾಗಿದೆ.

ಮುಂದಿನ ಬ್ರೇಕಿಗೆ ಬೇರೆ ಪರೀಕ್ಷೆ. ಸಸ್ಪೆನ್ಷನ್ ಫೋರ್ಕ್ ಇದ್ದರೆ, ಬೈಕ್ ನೆಲದ ಮೇಲೆ ನಿಂತಾಗ ಅದು ಸ್ವಲ್ಪ ಒತ್ತಿಕೊಂಡಿರುತ್ತದೆ. ಹಳ್ಳ ಹಾರಿದಾಗ ಫೋರ್ಕ್ ಪೂರ್ತಿ ಚಾಚುತ್ತದೆ, ಕೇಬಲ್ಲಿಗೆ ಅತಿ ಹೆಚ್ಚು ಉದ್ದ ಬೇಕಾಗುವುದು ಆಗಲೇ. ಆದ್ದರಿಂದ ಮುಂದಿನ ಚಕ್ರ ಗಾಳಿಯಲ್ಲಿ ಎತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿ. ನಂತರ ಫೋರ್ಕ್ ಅದುಮಿ, ಉಳಿದ ಕೇಬಲ್ ಟೈರಿಗೆ ತಾಗುತ್ತದೆಯಾ ಅಂತಲೂ ನೋಡಿ.

ಗಿಡ್ಡವಾದರೆ ಔಟರ್, ಇನ್ನರ್ (ಅದರೊಳಗೆ ಓಡುವ ತಂತಿ) ಎರಡನ್ನೂ ಹೊಸದು ಹಾಕಿ. ಹಳೆಯ ಇನ್ನರಿನ ತುದಿ ಬೋಲ್ಟಿನಡಿ ನಜ್ಜುಗುಜ್ಜಾಗಿ ಎಳೆ ಬಿಟ್ಟಿರುತ್ತದೆ. ಗೇರ್ ಔಟರ್ ಸಾಮಾನ್ಯವಾಗಿ 4 ಮಿ.ಮೀ. ದಪ್ಪ, ಆ ಕವಚದ ತಂತಿಗಳು ಉದ್ದಕ್ಕೆ ಸಾಗುತ್ತವೆ. ಬ್ರೇಕ್ ಔಟರ್ 5 ಮಿ.ಮೀ., ಕವಚದ ತಂತಿ ಸುರುಳಿ ಸುತ್ತಿರುತ್ತದೆ. ಗೇರ್ ಔಟರನ್ನು ಬ್ರೇಕಿಗೆ ಹಾಕಬೇಡಿ. ಜೋರಾಗಿ ಬ್ರೇಕ್ ಹಿಡಿದಾಗ ಅದು ಸಿಡಿದು ಬಿಡಬಹುದು. ಅಂಗಡಿಯಲ್ಲಿ ‘ಎಲ್ಲಾ ಒಂದೇ’ ಅಂದರೆ ಎದ್ದು ಬನ್ನಿ.

ಔಟರ್ ಕತ್ತರಿಸಲು ಕೇಬಲ್ ಕಟರ್ ಬೇಕು. ಉಳಿ, ಸುತ್ತಿಗೆಯಲ್ಲಿ ಹೊಡೆದು ತುಂಡು ಮಾಡಿದರೆ ತುದಿ ಚಪ್ಪಟೆಯಾಗಿ ಇನ್ನರ್ ಒಳಗೆ ಉಜ್ಜುತ್ತದೆ. ಗೇರ್ ಸರಿ ಬೀಳದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಕತ್ತರಿಸಿದ ತುದಿಯನ್ನು ಅರದಿಂದ ನೇರ ಮಾಡಿ. ಒಳಗಿನ ಪ್ಲಾಸ್ಟಿಕ್ ಕೊಳವೆ ಮುಚ್ಚಿಕೊಂಡಿರುತ್ತದೆ, ದಬ್ಬಳ ಚುಚ್ಚಿ ತೆರೆಯಿರಿ. ಮನೆಯಲ್ಲಿರುವ ಗೋಣಿ ಹೊಲಿಯುವ ದಬ್ಬಳವೇ ಸಾಕು. ಆಮೇಲೆ ತುದಿಗೆ ಕ್ಯಾಪ್ ಹಾಕಿ.

ಹೈಡ್ರಾಲಿಕ್ ಬ್ರೇಕಿನ ಪೈಪ್ ಗಿಡ್ಡವಾದರೆ ಮನೆಯಲ್ಲಿ ಕೈ ಹಾಕಬೇಡಿ. ಹೊಸ ಪೈಪ್ ಹಾಕಿ ಒಳಗಿನ ಗಾಳಿ ತೆಗೆಯಬೇಕು (ಇದಕ್ಕೇ ಬ್ಲೀಡ್ ಮಾಡುವುದು ಅನ್ನುತ್ತಾರೆ). ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್, ಬೇರೆ ಕೆಲವು ಕಂಪನಿಯವಕ್ಕೆ ಡಾಟ್ ಆಯಿಲ್. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲ್ ಹಾಳಾಗುತ್ತದೆ. ಬ್ಲೀಡ್ ಮಾಡಲು ಬರುವ ಅಂಗಡಿಗೇ ಕೊಡಿ, ಯಾವ ಆಯಿಲ್ ಹಾಕುತ್ತೀರಿ ಅಂತ ಕೇಳಿಯೇ ಕೊಡಿ.

ಬಿಗಿ ಮಾಡುವುದು

ಪಕ್ಕದಿಂದ ನೋಡಿದಾಗ ಹ್ಯಾಂಡಲ್ ಮೇಲೇರುವ ಭಾಗ ಫೋರ್ಕಿನ ಓರೆಗೆ ಸಮನಾಗಿರಲಿ. ಅದಕ್ಕಿಂತ ತುಂಬಾ ಹಿಂದಕ್ಕೆ ಬಾಗಿಸಿದರೆ ಮಣಿಕಟ್ಟು ನೋಯುತ್ತದೆ. ಹ್ಯಾಂಡಲ್ಲನ್ನು ಹಿಡಿದಿಡುವ, ಸ್ಟೆಮ್ಮಿನ ಮುಂದಿನ ನಾಲ್ಕು ಬೋಲ್ಟ್‌ಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮೇಲೆ ಕೆಳಗೆ ಸಂದು ಸಮನಾಗಿರಬೇಕು. ಕೆಲವು ಸ್ಟೆಮ್‌ಗಳಲ್ಲಿ ಮೇಲಿನ ಸಂದು ಪೂರ್ತಿ ಮುಚ್ಚಬೇಕು ಅಂತ ಬರೆದಿರುತ್ತದೆ, ಅಲ್ಲಿ ಹಾಗೇ ಮಾಡಿ. ಎಷ್ಟು ಬಿಗಿ ಅನ್ನುವುದೂ ಸ್ಟೆಮ್ ಮೇಲೇ ಇರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಎಷ್ಟು ಬಿಗಿಯಾಯಿತು ಅಂತ ತಿಳಿಸುವ ಚಿಕ್ಕ ಟಾರ್ಕ್ ವ್ರೆಂಚ್ ಒಂದು ಕೊಳ್ಳಿ. ಅಂದಾಜಿನಲ್ಲಿ ತಿರುಗಿಸಿದರೆ ಅಲ್ಯೂಮಿನಿಯಂ ಸ್ಟೆಮ್ಮಿನ ಥ್ರೆಡ್ ಹೋಗುತ್ತದೆ. ಬೋಲ್ಟಿನ ಥ್ರೆಡ್ಡಿಗೆ ಚೂರು ಗ್ರೀಸ್ ಹಚ್ಚಿ, ಸ್ಟೆಮ್ ಹ್ಯಾಂಡಲ್ಲನ್ನು ಹಿಡಿಯುವ ಜಾಗಕ್ಕೆ ಬೇಡ.

ಬ್ರೇಕ್ ಲಿವರನ್ನು ಮಾತ್ರ ಪೂರ್ತಿ ಬಿಗಿಯಬೇಡಿ. ಕೈಯಲ್ಲಿ ಜೋರಾಗಿ ತಳ್ಳಿದರೆ ತಿರುಗುವಷ್ಟಿರಲಿ. ಬಿದ್ದಾಗ ಅದು ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ಹ್ಯಾಂಡಲ್ ತುದಿಗಳಿಗೆ ಪ್ಲಗ್ ಹಾಕದೆ ಹೊರಡಬೇಡಿ. ತೆರೆದ ಕೊಳವೆ ಬಿದ್ದಾಗ ಮೈಗೆ ಹೊಕ್ಕುತ್ತದೆ.

ಓಡಿಸಿ ನೋಡುವುದು

ಮುಂದಿನ ಚಕ್ರವನ್ನು ಎರಡು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುಚಿ. ಜಾರಬಾರದು. ಮೊದಲ ಓಟ ಮನೆ ಮುಂದಿನ ಬೀದಿಯಲ್ಲೇ ಇರಲಿ. ಮಂಡ್ಯ ಕಡೆಯವರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ ಹೋಗಿ ಪರೀಕ್ಷಿಸಬೇಡಿ. ತಡೆಗೋಡೆ ಇಲ್ಲದ ಕಡೆ, ಇನ್ನೂ ಕೈಗೆ ಹೊಂದದ ಹ್ಯಾಂಡಲ್ ಹಿಡಿದು ಹೋಗುವುದು ಅಪಾಯ. ಮೊದಲ ಸವಾರಿ ಮುಗಿದ ಮೇಲೆ ಬೋಲ್ಟ್‌ಗಳನ್ನೆಲ್ಲ ಮತ್ತೊಮ್ಮೆ ಟಾರ್ಕ್ ವ್ರೆಂಚಿನಲ್ಲಿ ನೋಡಿ. ಹೊಸ ಕೇಬಲ್ ಸ್ವಲ್ಪ ದಿನದಲ್ಲಿ ಸಡಿಲವಾಗಿ, ಚೈನ್ ದೊಡ್ಡ ಹಲ್ಲುಚಕ್ರಕ್ಕೆ ಏರಲು ತಡ ಮಾಡುತ್ತದೆ. ಆಗ ಶಿಫ್ಟರ್ ಬಳಿ ಕೇಬಲ್ ಹೊರಬರುವಲ್ಲಿರುವ ಚಿಕ್ಕ ತಿರುಪನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಿದರೆ ಸಾಕು.