ಒಬ್ಬ ರೋಗಿಗೆ ನಮ್ಮ ಸಭೆಯ ಒಂದು ಮನೆ: ಪರೇಲ್‌ನ ಅನುಭವ

ವಿಜಯಪುರ, ಕಲಬುರಗಿ, ಬಾಗಲಕೋಟೆ ಕಡೆಯ ಮನೆಗಳಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ಎಷ್ಟೋ ಜನ ಬೆಂಗಳೂರಿನ ಬದಲು ಮುಂಬಯಿ ರೈಲು ಹತ್ತುತ್ತಾರೆ. ಸೊಲ್ಲಾಪುರದ ಮೇಲೆ ಒಂದು ರಾತ್ರಿಯ ದಾರಿ. ದಾದರ್‌ನಲ್ಲಿ ಇಳಿದರೆ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ ಹತ್ತಿರ. 1941ರಿಂದ ನಡೆಯುತ್ತಿರುವ ಈ ಆಸ್ಪತ್ರೆ 1962ರಲ್ಲಿ ಕೇಂದ್ರದ ಅಣುಶಕ್ತಿ ಇಲಾಖೆಗೆ ಸೇರಿತು. ಆಸ್ಪತ್ರೆಯ ಜನರಲ್ ವರ್ಗದ ರೋಗಿಗಳಿಗೆ ಖರ್ಚು ಕಡಿಮೆ. ಕಷ್ಟ ಇರುವುದು ಇರಲು ಜಾಗಕ್ಕೆ, ತಿನ್ನಲು ಊಟಕ್ಕೆ, ಮಾತು ತಿಳಿಯುವುದಕ್ಕೆ.

ನಮ್ಮದು ಮಧ್ಯ ಮುಂಬಯಿಯಲ್ಲಿ ಕನ್ನಡದಲ್ಲೇ ಆರಾಧನೆ ನಡೆಸುವ ಸಣ್ಣ ಕ್ರೈಸ್ತ ಸಭೆ. ಮಿಲ್ಲು, ರೈಲ್ವೆ ಕೆಲಸಕ್ಕೆ ಬಂದವರ ಮಕ್ಕಳು, ಮೊಮ್ಮಕ್ಕಳೇ ಜಾಸ್ತಿ. ನಾನು ಸ್ತ್ರೀಯರ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ಸಭೆಯಿಂದ ಏನಾದರೂ ಮಾಡಬೇಕು ಅಂದಾಗ ಮೊದಲು ಬಂದ ಮಾತು ಊಟದ ಪೊಟ್ಟಣ. ಆದರೆ ಆಸ್ಪತ್ರೆಯ ಸುತ್ತಮುತ್ತ ಊಟ ಹಂಚುವ ಸಂಸ್ಥೆಗಳು, ದಾನಿಗಳು ಆಗಲೇ ಇದ್ದಾರೆ. ಉಳಿಯಲು ದಾದರ್‌ನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ. ಯಾವ ಕೌಂಟರ್‌ಗೆ ಹೋಗಬೇಕು, ಡಾಕ್ಟರು ಹಿಂದಿಯಲ್ಲಿ ಹೇಳಿದ್ದೇನು, ನಾಳೆ ಖಾಲಿ ಹೊಟ್ಟೆಯಲ್ಲಿ ಬರಬೇಕಾ ಬೇಡವಾ, ಇದನ್ನು ಕನ್ನಡದಲ್ಲಿ ಹೇಳುವವರು ಸಿಗುತ್ತಿರಲಿಲ್ಲ. ಅದಕ್ಕೇ ಒಬ್ಬ ರೋಗಿಗೆ ನಮ್ಮ ಸಭೆಯ ಒಂದು ಮನೆ, ಅಂದರೆ ಒಂದು ಕುಟುಂಬ ಜೊತೆಗಿರುವುದು ಅಂತ ಮಾಡಿಕೊಂಡೆವು. ಚಿಕಿತ್ಸೆ ಮುಗಿಯುವವರೆಗೂ ಅದೇ ಮನೆ. ಹೀಗಾಗಿ ನಾವು ಕೆಲವರನ್ನಷ್ಟೇ ತೆಗೆದುಕೊಳ್ಳುತ್ತೇವೆ. ಉಳಿದವರಿಗೆ ಆಗುವುದಿಲ್ಲ ಅಂತ ಹೇಳುವುದು ನೋವಿನ ಕೆಲಸ. ಆದರೂ ನೂರು ಜನರನ್ನು ಒಂದೊಂದು ಸಲ ಮಾತಾಡಿಸಿ ಬರುವುದಕ್ಕಿಂತ ನಾಲ್ಕು ಜನರ ಜೊತೆ ಕೊನೆವರೆಗೂ ಇರುವುದೇ ಸರಿ ಅಂತ ನಾನು ನಂಬುತ್ತೇನೆ.

ಜೊತೆ ಹೋಗುವವರ ಕೈಯಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಫೈಲ್ ನಂಬರು, ಮುಂದಿನ ತಾರೀಖು, ಮಾತ್ರೆ ಯಾವಾಗ, ಎಲ್ಲ ಕನ್ನಡದಲ್ಲಿ ಬರೆಯುತ್ತೇವೆ. ಓದಲು ಬರದವರಿಗೆ ಮಾತ್ರೆಯ ಹಾಳೆಯ ಮೇಲೆ ಸೂರ್ಯ, ಚಂದ್ರ ಬರೆದುಕೊಡುತ್ತೇವೆ. ಡಾಕ್ಟರು ಹೇಳಿದ್ದಕ್ಕೆ ನಮ್ಮದೊಂದು ಮಾತು ಸೇರಿಸುವುದಿಲ್ಲ, ಒಂದು ಮಾತು ಬಿಡುವುದೂ ಇಲ್ಲ. "ಅವ್ವಗ ಹೇಳಬ್ಯಾಡ್ರಿ ಅಕ್ಕಾರ" ಅಂತ ಮಗ ಬೇಡಿಕೊಂಡಾಗ ಇದು ಬಹಳ ಕಷ್ಟ. ಆಗ ಮಗನನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಅವ್ವನಿಗೆ ಏನು ಹೇಳಬೇಕು, ಯಾರು ಹೇಳಬೇಕು ಅಂತ ಅಲ್ಲಿ ಮಾತಾಡಲಿ ಅಂತ.

ನಮ್ಮ ಕಡೆಯಿಂದ ಬರುವವರಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ ನೋಡಿದ್ದೇನೆ. ತಂಬಾಕು, ಗುಟ್ಕಾ. ಆಪರೇಷನ್ ಆದ ಮೇಲೆ ಎಷ್ಟೋ ಜನರಿಗೆ ಆರು ವಾರದ ಹತ್ತಿರ ರೇಡಿಯೇಷನ್ ಇರುತ್ತದೆ, ವಾರಕ್ಕೆ ಐದು ದಿನ. ಮೂರನೇ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣು. ಉಗುಳು ನುಂಗಿದರೂ ಉರಿ. ಈ ಹೊತ್ತಲ್ಲಿ ಪೊಟ್ಟಣದ ಪುಲಾವ್ ಯಾರಿಗೆ ಬೇಕು? ರೊಟ್ಟಿ ತಿಂದು ಬೆಳೆದ ಗಂಡಸರು ಊಟ ಬಿಟ್ಟುಬಿಡುತ್ತಾರೆ. ತೂಕ ಇಳಿದರೆ ಚಿಕಿತ್ಸೆ ಮಧ್ಯದಲ್ಲೇ ನಿಲ್ಲುವ ಭಯ.

ಇಲ್ಲಿ ನಮ್ಮ ಹೆಂಗಸರ ಕೈ ಕೆಲಸಕ್ಕೆ ಬಂತು. ಖಾರ, ಹುಳಿ ಇಲ್ಲದ ಮೆತ್ತನೆ ಊಟ ಮಾಡಿ ಬಿಸಿಯಾಗಿ ಡಬ್ಬಿಯಲ್ಲಿ ಒಯ್ಯುತ್ತೇವೆ. ಮೂಗಿನಲ್ಲಿ ಪೈಪ್ ಹಾಕಿದವರಿಗೆ ಆಸ್ಪತ್ರೆಯ ಡಯಟಿಷಿಯನ್ ಬರೆದುಕೊಟ್ಟ ಲೆಕ್ಕದಲ್ಲೇ ಹಾಲು, ಬೇಳೆ ಕಟ್ಟು, ರಾಗಿ ಗಂಜಿ. ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಸ್ವಲ್ಪ ಹುರಿದು ಬೀಸುತ್ತೇವೆ. ಸುಮ್ನೆ ಬೀಸಿದ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ, ಪೈಪ್ ಕಟ್ಟಿಕೊಳ್ಳುತ್ತದೆ. ಮೊಳಕೆ ಹಿಟ್ಟಿನದು ತೆಳ್ಳಗೇ ಇರುತ್ತದೆ. ಹಾಗಾಗಿ ಅಷ್ಟೇ ಗಂಜಿಯಲ್ಲಿ ಹಿಟ್ಟು ಜಾಸ್ತಿ ಹಾಕಬಹುದು, ಹೊಟ್ಟೆಗೆ ಶಕ್ತಿ ಜಾಸ್ತಿ ಹೋಗುತ್ತದೆ. ಬಟ್ಟೆಯಲ್ಲಿ ಸೋಸಲೇಬೇಕು. ಹಾಕುವಾಗ ರೋಗಿ ಒರಗಿ ಕೂತಿರಬೇಕು, ಆಮೇಲೂ ಅರ್ಧ ಗಂಟೆ ಮಲಗಬಾರದು. ಕೊನೆಗೆ ಸ್ವಲ್ಪ ನೀರು ಬಿಟ್ಟು ಪೈಪ್ ತೊಳೆಯಬೇಕು. ಮನೆಯವರಿಗೆ ಇದನ್ನು ನರ್ಸ್ ಒಮ್ಮೆ ತೋರಿಸುತ್ತಾರೆ. ನಾವು ಅವರ ಪಕ್ಕದಲ್ಲಿ ಕೂತು, ಕೈ ನಡುಗುವುದು ನಿಲ್ಲುವವರೆಗೂ ಮತ್ತೆ ಮತ್ತೆ ಮಾಡಿಸುತ್ತೇವೆ.

ಲಿಂಗಾಯತರ ಮನೆಯವರಿಗೆ ಮೊಟ್ಟೆ ಮುಟ್ಟಿದ ಪಾತ್ರೆ ಬೇಡ. ಮುಸ್ಲಿಂ ಮನೆಯವರು ಮಾಂಸ ಹಲಾಲ್ ಇದೆಯಾ ಅಂತ ಕೇಳುತ್ತಾರೆ. ಕೇಳುವುದು ಅವರ ಹಕ್ಕು. ಬೇರೆ ಪಾತ್ರೆ ಇಟ್ಟಿದ್ದೇವೆ. ಪುಟ್ಟ ಪುಸ್ತಕ, ಕರಪತ್ರ ಯಾವುದನ್ನೂ ಹಂಚುವುದಿಲ್ಲ. ಒಬ್ಬ ಅಜ್ಜಿ ಮೊದಲ ದಿನವೇ ಕೇಳಿದರು: "ನಿಮ್ಮ ದೇವರಿಗೆ ನಡಕೋಬೇಕೇನ್ರಿ ನಾವು?" "ಇಲ್ಲಮ್ಮ, ಗಂಜಿ ಆರ್ತದ, ಕುಡೀರಿ" ಅಂದೆ. ಅವರಾಗಿಯೇ ಪ್ರಾರ್ಥನೆ ಮಾಡಿ ಅಂದರೆ ಮಾಡುತ್ತೇವೆ. ಇಲ್ಲವಾದರೆ ಭಾನುವಾರ ಸಭೆಯಲ್ಲಿ ಹೆಸರು ಹೇಳದೆ ನೆನೆಯುತ್ತೇವೆ. ರೋಗಿಯ ಕಾಯಿಲೆ ಸಭೆಯ ಸುದ್ದಿ ಆಗಬಾರದು ಅಲ್ವಾ?

ಯುವಜನರದು ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ದಾನದ ಕೆಲಸ. ರಕ್ತದ ಕ್ಯಾನ್ಸರ್ ಮಕ್ಕಳಿಗೆ ಇದು ಮತ್ತೆ ಮತ್ತೆ ಬೇಕಾಗುತ್ತದೆ. ತೆಗೆದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಉಳಿಯುವುದಿಲ್ಲ. ಹಾಗಾಗಿ ಒಂದೇ ಭಾನುವಾರ ಎಲ್ಲರೂ ಹೋಗಿ ಕೊಟ್ಟರೆ ಪ್ರಯೋಜನ ಕಡಿಮೆ. ಪಾಳಿ ಪಟ್ಟಿ ಮಾಡಿ, ಬ್ಲಡ್ ಬ್ಯಾಂಕ್ ಕರೆದಾಗ ಹೋಗುತ್ತಾರೆ. ಮೂರು ದಿನದಿಂದ ಆಸ್ಪಿರಿನ್ ತೆಗೆದುಕೊಂಡಿರಬಾರದು, ತೂಕ ಕಮ್ಮಿ ಇರಬಾರದು, ಕೂರಲು ಒಂದು ಗಂಟೆಗೂ ಮೀರಿದ ಹೊತ್ತು ಬೇಕು. ನಮ್ಮ ಹುಡುಗರು ಆಫೀಸಿಗೆ ರಜೆ ಹಾಕಿ ಹೋಗುತ್ತಾರೆ. ಅವರ ಮೇಲೆ ನನಗೆ ತುಂಬಾ ಅಭಿಮಾನ.

ಹಣ ಬರುವುದು ಕರ್ತನ ಭೋಜನದ ಭಾನುವಾರದ ಬಡವರ ಕಾಣಿಕೆಯಿಂದ, ಮತ್ತೆ ಕೊಯ್ಲಿನ ಹಬ್ಬದ ಹರಾಜಿನಿಂದ. ಕೈಗೆ ನಗದು ಕೊಡುವುದಿಲ್ಲ. ಔಷಧಿ, ತಪಾಸಣೆಯ ಬಿಲ್ಲು ನೇರವಾಗಿ ಕಟ್ಟುತ್ತೇವೆ, ರಸೀದಿ ಇಬ್ಬರು ನೋಡಿ ಸಹಿ ಹಾಕುತ್ತಾರೆ.

ಕೆಲವರು ಗುಣವಾಗದೆ ಊರಿಗೆ ಹೋಗುತ್ತಾರೆ. ಆಗಲೂ ಅದೇ ಮನೆಯವರು ಸ್ಟೇಷನ್‌ಗೆ ಹೋಗುತ್ತಾರೆ, ಆಮೇಲೆ ಫೋನ್ ಮಾಡುತ್ತಿರುತ್ತಾರೆ. ನೋವಿನ ಮಾತ್ರೆ ಮುಗಿಯುವ ಮುಂಚೆ ಮುಂದಿನದು ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿಕೊಡುವುದೇ ಆಗ ದೊಡ್ಡ ಕೆಲಸ.

ಬೇರೆ ಸಭೆಯವರು ಶುರು ಮಾಡಬೇಕು ಅಂತಿದ್ದರೆ ಮೊದಲು ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಹೋಗಿ. ಯಾರಿಗೆ ಏನು ಬೇಕು ಅಂತ ಅವರಿಗೆ ಗೊತ್ತಿರುತ್ತದೆ, ಸರಕಾರಿ ನೆರವಿನ ಅರ್ಜಿಗೂ ಅವರೇ ದಾರಿ ತೋರಿಸುತ್ತಾರೆ. ಊರಿನಿಂದ ಹೊರಡುವವರಿಗೆ ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ತಹಶೀಲ್ದಾರರ ಆದಾಯ ಪತ್ರ, ಹಳೆ ರಿಪೋರ್ಟು, ಬಯಾಪ್ಸಿಯ (ಗಡ್ಡೆಯ ತುಂಡು ತೆಗೆದು ಮಾಡುವ ಪರೀಕ್ಷೆಯ) ಸ್ಲೈಡು ಮತ್ತು ಬ್ಲಾಕು (ಮೇಣದಲ್ಲಿ ಇಟ್ಟ ಆ ತುಂಡು) ತರಲು ಹೇಳಿ. ವಾಪಸ್ ಹೋಗುವಾಗ ಆಸ್ಪತ್ರೆಯಿಂದ ರೈಲ್ವೆ ರಿಯಾಯಿತಿ ಫಾರಂ ಬರೆಸಿಕೊಳ್ಳಿ. ಸ್ಲೀಪರ್‌ನಲ್ಲಿ ರೋಗಿಗೆ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ಕಡಿತ. ಫಾರಂ ಇಲ್ಲದೆ ಎಷ್ಟೋ ಮನೆಯವರು ಪೂರ್ತಿ ದುಡ್ಡು ಕೊಟ್ಟು ಹೋಗಿದ್ದಾರೆ.